ಒಡೆದ ದನಿಯ ಸೊಗಸು

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯನ್ನು ಓದುಗರು ನೋಡಿಯೇ ಇರುತ್ತಾರೆ. ಆಕೆ ಮಡಕೆಯ ಬಣ್ಣಕ್ಕೆ ಮರುಳಾಗುವುದಿಲ್ಲ. ಕುಂಬಾರನ ಮಾತಿಗೂ ಅಷ್ಟಾಗಿ ಕಿವಿಗೊಡುವುದಿಲ್ಲ. ಬೆರಳನ್ನು ಮಡಿಸಿ ಮಡಕೆಯ ಒಡಲಿಗೆ ಎರಡು ಬಾರಿ ತಟ್ಟುತ್ತಾಳೆ. ಕಂಚಿನಂತೆ ಠಣ್ಣೆಂದರೆ ಮಡಕೆ ಗಟ್ಟಿ. ಬೊದ್ದೆಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲಿಯೋ ಉಂಟು. ಗಾಯಕನ ಕಂಠವಾಗಲಿ, ದೇವಾಲಯದ ಗಂಟೆಯಾಗಲಿ, ಮನೆಯ ರೇಡಿಯೋ ಆಗಲಿ, ದನಿ ಒಡೆಯಿತೆಂದರೆ ಪದಾರ್ಥ ಕೆಟ್ಟಿತೆಂದೇ ನಮ್ಮ ಹಿರಿಯರ ಲೆಕ್ಕ.

ಹೀಗಿರುವಾಗ, ದನಿಯನ್ನು ಬೇಕೆಂದೇ ಒಡೆದು, ಒಡೆದುದನ್ನೇ ಸೊಗಸೆಂದು ಕೊಂಡಾಡುವ ವಾದ್ಯವೊಂದಿದೆ ಎಂದರೆ ಹಿರಿಯರು ಹುಬ್ಬೇರಿಸುವುದು ಸಹಜ. ಅದು ವಿದ್ಯುತ್ ಗಿಟಾರು. ಗಣೇಶನ ಹಬ್ಬದ ದಿನಗಳಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಯಾವ ಬೀದಿಯಲ್ಲಿ ನಿಂತರೂ ಆರ್ಕೆಸ್ಟ್ರಾದವರ ಚಪ್ಪರದಿಂದ ಆ ಗರ್ಜನೆ ಕೇಳಿಬರುತ್ತದೆ. ಚಪ್ಪರದಲ್ಲಿ ಅದು ಸಿಂಹದಂತೆಯೇ ಇರುತ್ತದೆ, ಸಂದೇಹವಿಲ್ಲ. ಆದರೆ ಅದೇ ಹುಡುಗರು ಅದೇ ಗಿಟಾರನ್ನು ಧ್ವನಿಮುದ್ರಣ ಮಾಡಿಕೊಂಡು ಬಂದು ಕೇಳಿಸಿದಾಗ ಸಿಂಹವೆಲ್ಲಿ ಹೋಯಿತೋ, ಶೀಷೆಯಲ್ಲಿ ಸಿಕ್ಕಿಕೊಂಡ ಜೀರುಂಡೆಯ ದನಿ ಮಾತ್ರ ಉಳಿದಿರುತ್ತದೆ. ಇದೇಕೆ ಹೀಗೆ? ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏತಕ್ಕೆಂದು ಕೇಳುವವರಿಗೆ ಉತ್ತರ ಮುಂದೆ ಬರುತ್ತದೆ.

ಈ ಒಡಕಿನ ವಂಶಾವಳಿ ಬಹಳ ಉದ್ದವಾದುದೇನಲ್ಲ. 1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ‘ರಾಕೆಟ್ 88’ ಎಂಬ ಹಾಡಿನ ಮುದ್ರಣಕ್ಕೆಂದು ಹೊರಟ ತಂಡವೊಂದರ ಆಂಪ್ಲಿಫೈಯರು ದಾರಿಯಲ್ಲಿ ಪೆಟ್ಟುತಿಂದಿತು. ಸ್ಪೀಕರಿನೊಳಗಿನ ಕಾಗದದ ಶಂಕು ಕೆಟ್ಟಿತ್ತು. ಮುದ್ರಣಶಾಲೆಯ ಒಡೆಯ ಸ್ಯಾಮ್ ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ, ಇದ್ದುದನ್ನು ಇದ್ದಂತೆಯೇ ನುಡಿಸಿರೆಂದ. ಗೊರಗೊರ ದನಿ ಹಾಡಿಗೆ ಒಪ್ಪಿತು, ಜನಕ್ಕೂ ಒಪ್ಪಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ತರುಣನಿಗೆ ಅಪಘಾತಕ್ಕಾಗಿ ಕಾಯುವ ತಾಳ್ಮೆ ಇರಲಿಲ್ಲ. ಮುಖಕ್ಷೌರದ ಬ್ಲೇಡಿನಿಂದ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ತಾನೇ ಸೀಳಿಬಿಟ್ಟ. ನಮ್ಮ ಮನೆಗಳಲ್ಲಿ ಮಕ್ಕಳು ಈ ಕೆಲಸ ಮಾಡಿದ್ದರೆ ಇತಿಹಾಸ ಬೇರೊಂದು ರೀತಿಯಲ್ಲಿ ಮುಂದುವರಿಯುತ್ತಿತ್ತು. ಆ ಬಳಿಕ ಸೀಳುವ ಅಗತ್ಯವೂ ಉಳಿಯಲಿಲ್ಲ. ವಾಲ್ವುಗಳನ್ನು ಮಿತಿಮೀರಿ ದುಡಿಸಿ ಅದೇ ಒಡಕನ್ನು ಕೊಡುವ ಯಂತ್ರಗಳೂ, ಕಾಲಿನಿಂದ ಒತ್ತುವ ಪೆಟ್ಟಿಗೆಗಳೂ ಅಂಗಡಿಗೆ ಬಂದವು.

ಒಡಕೆಂದರೆ ಏನು? ತಂತಿಯ ಕಂಪನ ವಿದ್ಯುತ್ತಿನ ಅಲೆಯಾಗಿ ಆಂಪ್ಲಿಫೈಯರನ್ನು ಹೊಗುತ್ತದೆ. ಆಂಪ್ಲಿಫೈಯರಿಗೆ ತನ್ನದೊಂದು ಮಾಡಿನ ಎತ್ತರವಿರುತ್ತದೆ. ಅಲೆ ಆ ಎತ್ತರದೊಳಗೆ ಇರುವವರೆಗೂ ಹೇಗೆ ಬಂದಿತೋ ಹಾಗೆಯೇ ದೊಡ್ಡದಾಗಿ ಹೊರಬರುತ್ತದೆ. ಇನ್ನೂ ಹಿಗ್ಗಿಸಿದರೆ ಮಾಡಿಗೆ ತಲೆ ತಗಲಿ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದ ಎರಡು ಮಡಿ, ಮೂರು ಮಡಿ, ಐದು ಮಡಿ ಕಂಪನವುಳ್ಳ ಮೇಲಿನ ಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಇವನ್ನೇ ನಮ್ಮ ಸಂಗೀತಗಾರರು ಸ್ವಯಂಭೂ ಸ್ವರಗಳೆನ್ನುವುದು. ಇನ್ನೊಂದು ಲಾಭವೂ ಇದೆ. ತಂತಿಯ ದನಿ ಕುಗ್ಗುತ್ತ ಹೋದರೂ ಅಲೆ ಬಹಳ ಹೊತ್ತು ಮಾಡನ್ನು ಮುಟ್ಟುತ್ತಲೇ ಇರುವುದರಿಂದ ಹೊರಗೆ ಕೇಳುವ ದನಿ ಕುಗ್ಗದು. ಒಮ್ಮೆ ಮೀಟಿದ ಸ್ವರ ಪಿಟೀಲಿನಂತೆ ನೀಳವಾಗಿ ನಿಲ್ಲುತ್ತದೆ.

ಇದು ಪಾಶ್ಚಾತ್ಯರ ಹುಚ್ಚೆಂದು ತಳ್ಳಿಬಿಡುವ ಮುನ್ನ ನಮ್ಮ ತಂಬೂರಿಯನ್ನು ಕೊಂಚ ನೆನೆಯಬೇಕು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದೆಳೆ ನೂಲನ್ನು ಸಿಕ್ಕಿಸಿರುತ್ತಾರಷ್ಟೆ. ಅದಕ್ಕೆ ಜೀವಾಳವೆಂದು ಹೆಸರು. ನೂಲಿಲ್ಲದ ತಂಬೂರಿ ಶುದ್ಧವಾಗಿಯೇ ನುಡಿಯುತ್ತದೆ, ಆದರೆ ಸಪ್ಪೆಯಾಗಿ ನುಡಿಯುತ್ತದೆ. ನೂಲು ತಕ್ಕ ಜಾಗದಲ್ಲಿ ಕುಳಿತಾಗ ತಂತಿ ಕುದುರೆಯ ಬಾಗಿದ ಮೈಯನ್ನು ಸವರಿ ಸವರಿ ಝೇಂಕರಿಸುತ್ತದೆ; ಮೇಲಿನ ಸ್ವರಗಳೆಲ್ಲ ಕಾಮನಬಿಲ್ಲಿನಂತೆ ಬಿಚ್ಚಿಕೊಳ್ಳುತ್ತವೆ. ಯಂತ್ರಶಾಸ್ತ್ರಜ್ಞನಿಗೆ ಈ ಸವರುವಿಕೆ ಒಂದು ದೋಷ. ಅದಕ್ಕೆ ನಾವಿಟ್ಟ ಹೆಸರು ಜೀವಾಳ! ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ಈ ವಿಷಯವಾಗಿ ಪ್ರಬಂಧ ಬರೆದಿದ್ದರು. ತಂತಿಯನ್ನು ಒಂದು ನಿರ್ದಿಷ್ಟ ಬಿಂದುವಿನಲ್ಲಿ ಮೀಟಿದರೆ ಇಂತಿಂಥ ಉಪಸ್ವರಗಳು ಹುಟ್ಟಲೇಬಾರದೆಂದು ಹಳೆಯ ನಿಯಮ ಹೇಳುತ್ತಿದ್ದರೆ, ವೀಣೆ ತಂಬೂರಿಗಳ ಕುದುರೆ ಆ ಸ್ವರಗಳನ್ನೂ ನುಡಿಸಿಬಿಡುತ್ತದೆಂದು ಅವರು ತೋರಿಸಿಕೊಟ್ಟರು.

ಒಡೆದ ದನಿಯ ಗಿಟಾರಿಗರು ಪೂರ್ಣ ಸ್ವರಮೇಳಗಳನ್ನು ಬಿಟ್ಟು ಷಡ್ಜ ಪಂಚಮಗಳೆರಡನ್ನೇ ಹಿಡಿಯುವುದಕ್ಕೂ ಕಾರಣವಿದೆ. ಎರಡು ಸ್ವರಗಳನ್ನು ಒಟ್ಟಿಗೆ ಒಡೆದರೆ ಅವುಗಳ ಅಂತರಕ್ಕೆ ಸಮನಾದ ಮೂರನೆಯ ಸ್ವರವೊಂದು ಕೆಳಗೆ ಹುಟ್ಟುತ್ತದೆ. ಷಡ್ಜ ಪಂಚಮಗಳ ಪ್ರಮಾಣ 2ಕ್ಕೆ 3. ಅಂತರ 1, ಎಂದರೆ ಮಂದ್ರ ಷಡ್ಜ. ಕರೆಯದೆ ಬಂದ ಅತಿಥಿಯಾದರೂ ಮನೆಯವರಿಗೆ ಒಪ್ಪುವಂಥವನು. ಗಾಂಧಾರವನ್ನು ಸೇರಿಸಿದಿರೋ, ಗಿಟಾರಿನ ಮೆಟ್ಟಿಲುಗಳಲ್ಲಿ ಅದು ಶುದ್ಧ ಪ್ರಮಾಣಕ್ಕಿಂತ ತುಸು ಏರಿರುವುದರಿಂದ, ಹುಟ್ಟುವ ಸ್ವರ ಯಾವ ಶ್ರುತಿಗೂ ಸೇರದೆ ಕಲಕಿಬಿಡುತ್ತದೆ. ತಂಬೂರಿಯೂ ಷಡ್ಜ ಪಂಚಮಗಳಲ್ಲಿಯೇ ತೃಪ್ತಿಪಡುವ ವಾದ್ಯವೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಇದೇ ಗುಣ ಬೇರೊಂದು ಕಡೆ ಹೇಗೆ ಅವಗುಣವಾಗುತ್ತದೆಂಬುದಕ್ಕೆ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ, ಇವೆರಡೂ ಸೇರಿ ಗೌರಿಬಿದನೂರಿನ ಬಳಿ ರೇಡಿಯೋ ದೂರದರ್ಶಕವೊಂದನ್ನು ಕಟ್ಟಿದವು. 1976ರಿಂದ ಅಲ್ಲಿ ಕೆಲಸ ನಡೆಯಿತು. ಒಂದು ಸಾವಿರ ತಂತಿಗಂಬಿಗಳನ್ನು, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರಿನಷ್ಟು ಉದ್ದಕ್ಕೆ, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿ ಆಕಾಶದಿಂದ ಬರುವ ಕ್ಷೀಣಾತಿಕ್ಷೀಣ ರೇಡಿಯೋ ಅಲೆಗಳಿಗೆ ಕಿವಿಗೊಟ್ಟರು. ಇಂಥ ಕಡೆ ಆಂಪ್ಲಿಫೈಯರಿನ ತಲೆ ಮಾಡಿಗೆ ತಗಲಿದರೆ ಅನರ್ಥ. ಭೂಮಿಯ ಮೇಲಿನ ಎರಡು ಪ್ರಬಲ ರೇಡಿಯೋ ಕೇಂದ್ರಗಳ ಅಲೆಗಳು ಒಡೆದು ಬೆರೆತು ಹುಟ್ಟಿದ ಮೂರನೆಯದು ಆಕಾಶದಿಂದ ಬಂದ ಸುದ್ದಿಯಂತೆ ನಟಿಸೀತು. ಶಾಸ್ತ್ರಜ್ಞನಿಗೆ ಆ ಮೂರನೆಯ ಸ್ವರ ಸುಳ್ಳುಸಾಕ್ಷಿ, ಗಿಟಾರಿಗನಿಗೆ ಮಂದ್ರ ಷಡ್ಜ.

ಇನ್ನು ನನ್ನ ಉಸಾಬರಿಯ ವಿಷಯ. ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಸೇರಿ ಒಂದು ಸಂಗೀತ ತಂಡ ಕಟ್ಟಿಕೊಂಡಿದ್ದಾರೆ. ಗಿಟಾರಿನ ಹುಡುಗ ಶಿಡ್ಲಘಟ್ಟದವನು, ತಂದೆ ರೇಷ್ಮೆ ನೂಲು ಬಿಚ್ಚಾಣಿಕೆ ನಡೆಸುತ್ತಾರೆ. ಹಾಡುವವನು ಚಿಂತಾಮಣಿಯವನು, ಡ್ರಮ್ಮಿನವನು ಗೌರಿಬಿದನೂರಿನವನು. ಬೇಸ್ ಗಿಟಾರಿನವನು ಇಲ್ಲಿಯೇ ಚಿಕ್ಕಬಳ್ಳಾಪುರದಲ್ಲಿ ನನ್ನ ಬೀದಿಯವನು. ಕನ್ನಡದಲ್ಲಿ ತಾವೇ ಬರೆದ ಒಂದು ಹಾಡನ್ನು ನನ್ನ ಬಳಿಗೆ ತಂದು ತಿದ್ದಿಸಿಕೊಂಡರು. ಬರಗಾಲದ ಕೆರೆಯನ್ನು ಕುರಿತ ಹಾಡು. ಮಾತುಗಳು ನಿಜವಾಗಿಯೂ ಚೆನ್ನಾಗಿದ್ದವು. ದೂರದ ನಗರವೊಂದರ ಮುದ್ರಣಶಾಲೆಗೆ ಎರಡು ದಿನದ ಬಾಡಿಗೆ ಕೊಟ್ಟು ಅದನ್ನು ಮುದ್ರಿಸಿಕೊಂಡು ಬಂದರು. ಹಣ ಹಾಕಿದವರು ಗಿಟಾರಿನ ಹುಡುಗನ ತಂದೆ. ಗೂಡಿನ ಬೆಲೆ ಏರಿ ನೂಲಿನ ಬೆಲೆ ಇಳಿದಿದ್ದ ಕಾಲ, ಅವರಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

ಮುದ್ರಿಕೆಯನ್ನು ಅವರ ಮನೆಯಲ್ಲಿ ಕುಳಿತು ಕೇಳಿದೆವು. ಹಾಡು ಮುಗಿದ ಮೇಲೆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ನಮ್ಮ ಮೋಟಾರಿಗೆ ನೆಗಡಿ ಬಂದ ಹಾಗಿದೆಯಲ್ಲ! ಇದರೊಳಗೆ ನೀವು ತಿದ್ದಿಕೊಟ್ಟ ಮಾತು ಯಾವುದು?” ಎಂದರು. ಹುಡುಗ ತಲೆ ತಗ್ಗಿಸಿದ. ಮಾತು ಒಂದೂ ಕೇಳುತ್ತಿರಲಿಲ್ಲವೆಂಬುದು ನಿಜ. ಇನ್ನೊಮ್ಮೆ ಹಣ ಕೊಡುವುದಿಲ್ಲವೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸೋದರಮಾವ ಹೊಸಕೋಟೆಯಲ್ಲಿ ನೋಡಿಟ್ಟಿದ್ದ ನೌಕರಿಯ ವಿಚಾರವನ್ನು ಅಂದೇ ಎತ್ತಿದರು.

ಕೆಟ್ಟದ್ದು ಎಲ್ಲಿ ಎಂಬುದನ್ನು ಕಂಡುಹಿಡಿಯಲು ಹುಡುಗರು ತಿಂಗಳೊಪ್ಪತ್ತು ಕುಳಿತರು. ನಾನೂ ಸಂಜೆಗಳಲ್ಲಿ ಜೊತೆಯಾದೆ. ಮೊದಲ ಕಾರಣ, ಒಡಕಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದುದು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ನುಡಿಸಿತಷ್ಟೆ. ಆಗಿನ್ನೂ ಶಾಲೆಯ ಹುಡುಗನಾಗಿದ್ದ ಇವನು ಅಣ್ಣನ ಜೊತೆ ಹೋಗಿ ಕೇಳಿಬಂದಿದ್ದ. ಎದೆಯ ಗೂಡನ್ನು ಅಲುಗಿಸಿದ ಆ ದನಿ ಅವನ ತಲೆಯಲ್ಲಿ ನಿಂತಿತ್ತು. ಆದರೆ ಮೈದಾನದ ಅಬ್ಬರ ಬೇರೆ, ಮುದ್ರಿಕೆಯ ಭಾರ ಬೇರೆ. ಒಡಕು ಹೆಚ್ಚಿದಷ್ಟೂ ಅಲೆ ಚಪ್ಪಟೆಯಾಗಿ, ಮೀಟಿನ ಮೊದಲ ಪೆಟ್ಟಿಗೂ ಅದರ ಬಾಲಕ್ಕೂ ವ್ಯತ್ಯಾಸ ಅಳಿಸಿಹೋಗುತ್ತದೆ. ಪೆಟ್ಟು ಕಾಣದ ಮೇಲೆ ಶಕ್ತಿ ಎಲ್ಲಿಂದ ಕಾಣಬೇಕು? ಆ ತಂಡದವರು ಮುದ್ರಿಕೆಗಳಲ್ಲಿ ಭಾರ ತಂದುಕೊಳ್ಳುವುದು ಒಂದೇ ಭಾಗವನ್ನು ಹಲವು ಬಾರಿ ಕರಾರುವಾಕ್ಕಾಗಿ ನುಡಿಸಿ ಒಂದರ ಮೇಲೊಂದು ಕೂಡಿಸುವುದರಿಂದ.

ಎರಡನೆಯದು ಇನ್ನೂ ಮುಖ್ಯ. ಆ ಮುದ್ರಣಶಾಲೆಯಲ್ಲಿ ಅವಸರಕ್ಕೆ ಕಾಲೊತ್ತುವ ಪೆಟ್ಟಿಗೆಯ ತಂತಿಯನ್ನು ನೇರವಾಗಿ ಮುದ್ರಣಯಂತ್ರಕ್ಕೇ ಸಿಕ್ಕಿಸಿದ್ದರಂತೆ. ಗಿಟಾರಿನ ಸ್ಪೀಕರು ಸಂಗೀತ ಕೇಳುವ ಸಾಮಾನ್ಯ ಸ್ಪೀಕರಿನಂಥದಲ್ಲ. ಸೆಕೆಂಡಿಗೆ ಸುಮಾರು 5000 ಕಂಪನಗಳ ಮೇಲಿನದನ್ನು ಅದು ಅಷ್ಟಾಗಿ ನುಡಿಯಲಾರದು. ಈ ಅಸಾಮರ್ಥ್ಯವೇ ಅದರ ಯೋಗ್ಯತೆ. ಒಡಕಿನಿಂದ ಹುಟ್ಟುವ ಸ್ವರಗಳಲ್ಲಿ ಅತಿ ಮೇಲಿನವು ಕೇವಲ ಕರ್ಕಶ. ಹಿಟ್ಟಿಗೆ ಜರಡಿ ಹೇಗೋ ಒಡೆದ ದನಿಗೆ ಸ್ಪೀಕರು ಹಾಗೆ. ಜರಡಿಯಿಲ್ಲದೆ ತೌಡೂ ಸೇರಿ ಬಂದಿತ್ತು. ಈಗ ಸ್ಪೀಕರಿನ ಗುಣವನ್ನು ಗಣಕಯಂತ್ರದಲ್ಲಿಯೇ ಅನುಕರಿಸುವ ಸಾಧನಗಳಿವೆ, ಅನೇಕ ತಂಡಗಳು ಅವುಗಳಿಂದಲೇ ಚೆನ್ನಾಗಿ ಮುದ್ರಿಸುತ್ತಿವೆ. ಅದರಲ್ಲಿ ಹಗುರವಾಗಿ ಕಾಣುವಂಥದೇನೂ ಇಲ್ಲ. ಯಾವುದಾದರೊಂದು ಜರಡಿ ಬೇಕು, ಅಷ್ಟೆ.

ಮೂರನೆಯದು ಮಧ್ಯದ ಗುಂಡಿ. ಒಬ್ಬನೇ ಕುಳಿತು ನುಡಿಸುವಾಗ ಕೆಳಗಿನ ಮತ್ತು ಮೇಲಿನ ದನಿಗಳನ್ನು ಏರಿಸಿ ಮಧ್ಯದ್ದನ್ನು ಸೊನ್ನೆಗಿಳಿಸಿದರೆ ಭವ್ಯವಾಗಿ ಕೇಳುತ್ತದೆ. ಜೊತೆಗೆ ಬೇಸ್ ಗಿಟಾರು, ಡ್ರಮ್ಮು ಸೇರಿದೊಡನೆ ಕೆಳಗಿನ ಜಾಗವನ್ನು ಒಬ್ಬರು, ಮೇಲಿನದನ್ನು ಇನ್ನೊಬ್ಬರು ಆಕ್ರಮಿಸುತ್ತಾರೆ; ಗಿಟಾರಿಗೆ ಉಳಿದಿದ್ದ ಮಧ್ಯದ ಮನೆಯನ್ನು ಅದು ತಾನೇ ಖಾಲಿಮಾಡಿಕೊಂಡಿರುತ್ತದೆ. ಕಿವಿಯ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ದನಿ ಜೋರಾಗಿದ್ದಾಗ ಕೆಳಗಿನ ಮತ್ತು ಮೇಲಿನ ಕೊನೆಯ ಸ್ವರಗಳು ಹೆಚ್ಚು ತುಂಬಿ ಕೇಳುತ್ತವೆಂದೂ, ಮೆಲ್ಲಗಾದಾಗ ಅವು ಸೊರಗುತ್ತವೆಂದೂ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಅಮೆರಿಕದಲ್ಲಿ 1933ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಆರ್ಭಟದಲ್ಲಿ ನಿರ್ಣಯಿಸಿದ ಗಿಟಾರನ್ನು ನಡುಮನೆಯಲ್ಲಿ ಮೆಲ್ಲಗೆ ಕೇಳಿದರೆ ಮೊದಲಿನ ವೈಭವ ಕಾಣುವುದಾದರೂ ಹೇಗೆ?

ಮತ್ತೆ ಮುದ್ರಿಸುವುದೆಂದು ನಿಶ್ಚಯವಾದದ್ದು ಶಿಡ್ಲಘಟ್ಟದ ಆ ಮನೆಯಲ್ಲಿಯೇ. ಬೇರೆ ಕಡೆಗೆ ಹಣವಿರಲಿಲ್ಲ. ನಮ್ಮ ಸೀಮೆಯ ಹಳೆಯ ಮನೆಗಳಂತೆ ಅದೂ ಕಲ್ಲುಕಂಬ, ಕಲ್ಲುಚಪ್ಪಡಿಯ ಮನೆ. ಕೈ ತಟ್ಟಿದರೆ ನಾಲ್ಕು ಗೋಡೆಯೂ ಮಾರುತ್ತರ ಕೊಡುತ್ತದೆ. ಕೌದಿಗಳನ್ನೂ ಗೋಣಿಚೀಲಗಳನ್ನೂ ಹಗ್ಗಕ್ಕೆ ಹಾಕಿ ಮೂರು ಕಡೆ ಇಳಿಬಿಟ್ಟರು. ಗೋಡೆಗೊರಗಿಸಿದ್ದ ಚಂದ್ರಿಕೆಗಳನ್ನು ತೆಗೆಯುವುದು ಬೇಡವೆಂದಾಯಿತು. ಹುಳು ಗೂಡು ಕಟ್ಟುವ ಬಿದಿರಿನ ಆ ಸುರುಳಿಗಳು ದನಿಯನ್ನು ಚದುರಿಸುತ್ತವೆಂದು ಗಿಟಾರಿನವನ ವಾದ. ಎಷ್ಟು ಚದುರಿಸಿದುವೋ, ನೋಡಲಂತೂ ಚೆನ್ನಾಗಿದ್ದುವು. ನೂಲು ಬಿಚ್ಚುವ ಮೋಟಾರುಗಳು ನಿಂತ ಮೇಲೆ, ರಾತ್ರಿ ಎಂಟರ ನಂತರ ಕೆಲಸ. ಇಷ್ಟಾಗಿಯೂ ಗಿಟಾರಿನಲ್ಲಿ ಗುಂಯ್ ಎಂಬ ಗುನುಗು ಬರುತ್ತಿತ್ತು. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಮಿಡಿಯುತ್ತದಷ್ಟೆ. ಗಿಟಾರಿನ ಕಾಂತದ ಸುರುಳಿ ಆ ಮಿಡಿತವನ್ನು ಗಾಳಿಯಿಂದಲೇ ಹೀರುತ್ತದೆ, ಒಡಕು ಅದನ್ನು ಹಿಗ್ಗಿಸುತ್ತದೆ. ಹುಡುಗ ಕುಳಿತಲ್ಲಿಯೇ ದಿಕ್ಕು ಬದಲಿಸುತ್ತ ಬಂದು, ಉತ್ತರಕ್ಕೆ ಕೊಂಚ ಓರೆಯಾಗಿ ಕುಳಿತಾಗ ಗುನುಗು ಅಡಗಿತು. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದರೆ ಗುನುಗು ಹೋಗುತ್ತದೆಂದು ಸಲಹೆ ಕೊಡುವ ಮಿತ್ರರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅದು ಭೂಸಂಪರ್ಕದ ಕಡ್ಡಿ. ಅದನ್ನು ಮುರಿದರೆ ಗುನುಗಿನ ಜೊತೆಗೆ ಗಿಟಾರಿಗನೂ ಹೋಗುವ ಸಂಭವವುಂಟು.

ಎರವಲು ತಂದದ್ದು 15 ವ್ಯಾಟಿನ, ಒಂದೇ ಸ್ಪೀಕರಿನ ಆಂಪ್ಲಿಫೈಯರು. ಅದು ಸಾಕಾಗುವುದೇ ಎಂದು ಬೇಸ್ ಗಿಟಾರಿನವನಿಗೆ ಸಂಶಯ. ಮೈಕಿಗೆ ಯಂತ್ರದ ಗಾತ್ರ ಕಾಣುವುದಿಲ್ಲ, ಅಂಗೈಯಗಲದ ಜಾಗದ ದನಿ ಮಾತ್ರ ಕೇಳುತ್ತದೆ. ಅದನ್ನು ನೆಲದ ಕಂಪನಕ್ಕೆ ಸಿಕ್ಕದಂತೆ ಕುರ್ಚಿಯ ಮೇಲಿಟ್ಟು, ಮುಂದಿನ ಬಟ್ಟೆಗೆ ಎರಡು ಬೆರಳಿನ ಅಂತರದಲ್ಲಿ ಮೈಕನ್ನು ನಿಲ್ಲಿಸಿದರು. 1965ರಿಂದ ಬಳಕೆಯಲ್ಲಿರುವ ಶೂರ್ ಕಂಪನಿಯ ಎಸ್‌ಎಂ 57 ಎಂಬ ಮೈಕು; ಬೆಲೆಯಲ್ಲಿ ಸಾಧಾರಣವಾದರೂ ಈ ಕೆಲಸಕ್ಕೆ ಲೋಕದ ದೊಡ್ಡ ಮುದ್ರಣಶಾಲೆಗಳೂ ಅದನ್ನೇ ಹಿಡಿದಿವೆ. ಒಡಕಿನ ಗುಂಡಿ ಎಂಟರಿಂದ ನಾಲ್ಕಕ್ಕೆ ಇಳಿಯಿತು. ಹುಡುಗನ ಮುಖವೂ ಅಷ್ಟೇ ಇಳಿಯಿತೆನ್ನಬೇಕು.

ಇನ್ನುಳಿದದ್ದು ಮೈಕಿನ ಜಾಗ. ಸ್ಪೀಕರಿನ ಶಂಕುವಿನ ನಡುಮಧ್ಯಕ್ಕೆ ಹಿಡಿದರೆ ದನಿ ಚುರುಕು, ಚುಚ್ಚುವಷ್ಟು ಚುರುಕು. ಅಂಚಿಗೆ ಸರಿಸಿದರೆ ಮಂಕು. ಬಟ್ಟೆಗೆ ತೀರ ಹತ್ತಿರ ತಂದರೆ ಮೈಕಿನ ಸ್ವಭಾವದಿಂದಲೇ ಕೆಳಗಿನ ಸ್ವರ ಉಬ್ಬುತ್ತದೆ. ಈ ಎರಡು ಮೂರು ಅಂಗುಲದೊಳಗೆ ಹತ್ತಾರು ಬಗೆಯ ಗಿಟಾರುಗಳು ಅಡಗಿವೆ. ಒಬ್ಬ ನುಡಿಸುವುದು, ಒಬ್ಬ ಮೈಕನ್ನು ಸರಿಸುವುದು, ಉಳಿದವರು ಅಡಿಗೆಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೇಳುವುದು, ಹೀಗೆ ಒಂದು ಗಂಟೆ ಕಳೆಯಿತು. ಯಾರಿಗೂ ಒಪ್ಪಿಗೆಯಾಗಲಿಲ್ಲ.

ಆಗ ತಂದೆ ಎದ್ದುಬಂದರು. ಅವರು ಕೈವಾರ ತಾತಯ್ಯನವರ ಪದಗಳನ್ನು ಹಾಡುವ ಭಜನೆಯ ಗುಂಪಿನವರು. ಮೂವತ್ತು ವರ್ಷಗಳಿಂದ ಆ ಗುಂಪಿನ ತಂಬೂರಿಯ ಶ್ರುತಿ ಇವರದೇ. ಮಗನ ಹೆಡ್‌ಫೋನನ್ನು ಕಿವಿಗೇರಿಸಿಕೊಂಡು, ಮೈಕು ಹಿಡಿದಿದ್ದವನಿಗೆ ಕೈಸನ್ನೆ ಮಾಡುತ್ತ ಹೋದರು. “ಒಂದೆಳೆ ಆಚೆಗೆ. ಇನ್ನೊಂದೆಳೆ. ಹೆಚ್ಚಾಯಿತಪ್ಪ, ಅರ್ಧ ಈಚೆಗೆ... ಹ್ಞಾ, ಬಿಡು, ಮುಟ್ಟಬೇಡ.” ನಡುವಿನಿಂದ ಒಂದೂವರೆ ಅಂಗುಲ ಹೊರಗೆ, ತುಸು ಓರೆಯಾಗಿ ಮೈಕು ನಿಂತಿತ್ತು. ಚುಚ್ಚುವುದು ಹೋಗಿ ಝೇಂಕಾರ ಉಳಿದಿತ್ತು. “ಅಪ್ಪ, ನಿಮಗೆ ಹೇಗೆ ಗೊತ್ತಾಯಿತು?” ಎಂದು ಮಗ ಕೇಳಿದ. “ಜೀವಾಳ ಕೂರಿಸುವಾಗ ನಾನು ಇನ್ನೇನು ಮಾಡುತ್ತೇನೋ!” ಎಂದು ತಂದೆ ಹೆಡ್‌ಫೋನನ್ನು ಕಳಚಿಕೊಟ್ಟು ಊಟಕ್ಕೆ ಹೋದರು.

ಕೋಣೆಯ ಗಾಳಿಯೂ ಸ್ವಲ್ಪ ಬೆರೆಯಲೆಂದು ಒಂದಡಿ ಹಿಂದೆ ಎರಡನೆಯ ಮೈಕನ್ನಿಟ್ಟು ನೋಡಿದ್ದೂ ಉಂಟು. ದನಿ ಒಮ್ಮೆಗೇ ಬಡವಾಯಿತು. ಒಂದಡಿ ನಡೆಯಲು ಶಬ್ದಕ್ಕೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಸ್ವಲ್ಪ ಕಡಮೆ ಕಾಲ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಸುಮಾರು 560 ಕಂಪನಗಳ ಅಲೆ ಅರ್ಧ ಸುತ್ತು ಹಿಂದೆ ಬಿದ್ದು, ಒಂದು ಮೈಕಿನಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಅದು ಗಿಟಾರಿನ ನಡುಭಾಗವೇ. ಎರಡನೆಯ ಮೈಕು ಪೆಟ್ಟಿಗೆ ಸೇರಿತು.

ಬಳಿಕ ಹುಡುಗ ತನ್ನ ಭಾಗವನ್ನು ಎರಡು ಬಾರಿ ಮೊದಲಿನಿಂದ ಕೊನೆಯವರೆಗೂ ನುಡಿಸಿದ. ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ. ಒಮ್ಮೆ ನುಡಿಸಿದ್ದನ್ನೇ ನಕಲುಮಾಡಿ ಎರಡು ಕಡೆಗಿಟ್ಟರೆ ಪ್ರಯೋಜನವಿಲ್ಲ, ಅದು ನಡುವೆಯೇ ನಿಂತು ಜೋರಾಗುತ್ತದಷ್ಟೆ. ಮನುಷ್ಯನ ಕೈ ಎರಡು ಬಾರಿ ಒಂದೇ ತೆರನಾಗಿ ಮೀಟಲಾರದೆಂಬ ಆ ಕೂದಲೆಳೆಯ ವ್ಯತ್ಯಾಸದಿಂದಲೇ ವಿಸ್ತಾರ ಹುಟ್ಟುವುದು. ನಡುವಿನ ಜಾಗ ಹಾಡುವವನಿಗೆ ಬಿಡುವಾಯಿತು. ಸೆಕೆಂಡಿಗೆ 80 ಕಂಪನಗಳ ಕೆಳಗಿನದನ್ನೆಲ್ಲ ಗಿಟಾರಿನಿಂದ ಕತ್ತರಿಸಿ ಬೇಸಿನವನಿಗೆ ಬಿಟ್ಟುಕೊಟ್ಟರು.

ಮರುದಿನ ಬೆಳಿಗ್ಗೆ ಹುಡುಗನ ತಾಯಿ ಒಲೆಯ ಮುಂದೆ ನಿಂತು ಫೋನಿನ ಪುಟ್ಟ ಸ್ಪೀಕರಿನಲ್ಲಿಯೇ ಅದನ್ನು ಕೇಳಿ, ಎರಡನೆಯ ಚರಣದಲ್ಲಿ ಕೆರೆಯ ಏರಿಯ ಮೇಲೆ ನಿಂತ ಮುದುಕಿ ಯಾರೆಂದು ವಿಚಾರಿಸಿದರಂತೆ. ಮಾತು ಕೇಳಿಸಿತ್ತು! ತಂದೆ ತಮ್ಮ ತಂಬೂರಿಯನ್ನು ಗಿಟಾರಿನ ಶ್ರುತಿಗೆ ಸೇರಿಸಿ ಹಾಡಿನ ಆರಂಭಕ್ಕೆ ಹನ್ನೆರಡು ಸೆಕೆಂಡು ಮೀಟಿಕೊಟ್ಟಿದ್ದಾರೆ. ಅದು ಮುಗಿದು ಗಿಟಾರು ಎಲ್ಲಿ ಆರಂಭವಾಗುತ್ತದೆಂದು ನನ್ನ ಕಿವಿಗೆ ಇನ್ನೂ ಖಚಿತವಾಗಿ ತಿಳಿಯುತ್ತಿಲ್ಲ. ಹೊಸಕೋಟೆಯ ಸೋದರಮಾವ ಸದ್ಯಕ್ಕೆ ಸುಮ್ಮನಿದ್ದಾರೆ. ಬಾಕಿ ಉಳಿದಿರುವುದು ಡ್ರಮ್ಮು. ಆ ಕಲ್ಲುಮನೆಯಲ್ಲಿ ಅದನ್ನು ಬಾರಿಸಿದರೆ ಊರೇ ಎದ್ದುಬರುತ್ತದೆ. ಗೌರಿಬಿದನೂರಿನ ಹುಡುಗ ರಜೆಯಲ್ಲಿ ಖಾಲಿಯಿರುವ ಶಾಲೆಯ ಕೊಠಡಿಯೊಂದನ್ನು ಕೇಳಿಕೊಂಡಿದ್ದಾನೆ, ಮುಖ್ಯೋಪಾಧ್ಯಾಯರು ಎರಡು ದಿನ ಕಾಲಾವಕಾಶ ಕೇಳಿದ್ದಾರೆ.